ಕೈ ನೋಡಿ ಚಾಕು ಕೊಡುವ ಕರಿಯಕ್ಕ

“ಇನ್ನೊಂದು ಹೆಚ್ಚು.”

ಗಂಗರಾಜು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ. ಹಲಗೆಯ ಮೇಲೆ ಎರಡು ಈರುಳ್ಳಿ ಆಗಲೇ ಚೂರಾಗಿ ಬಿದ್ದಿವೆ, ಮೂರನೆಯದು ಅವನ ಬೆರಳುಗಳ ನಡುವೆ ಜಾರುತ್ತಿದೆ. ಚಳ್ಳಕೆರೆ ಸಂತೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಕ್ಕದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಇಬ್ಬರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದಾರೆ.

“ಅಕ್ಕಾ, ನಾನು ಆಟೋ ಓಡಿಸೋನು. ನಂಗ್ಯಾಕೆ ಈ ಪರೀಕ್ಷೆ? ಒಂದು ಚಾಕು ಕೊಡು, ದುಡ್ಡು ತಗೊ, ಹೋಗ್ತೀನಿ.”

“ಚಾಕು ಯಾರಿಗೆ?”

“ನಮ್ಮನೆ ಹೆಂಗಸರಿಗೆ.”

“ಮತ್ತೆ ಅವಳ ಕೈ ಎಲ್ಲೈತೆ?”

“ಕೈ ಅವಳ ತಾವೇ ಐತೆ. ಅವಳು ಮನೇಲವ್ಳೆ.”

“ಹಂಗಾರೆ ಚಾಕೂ ನನ್ನ ತಾವೇ ಇರ್ಲಿ. ನಿನ್ನ ಕೈ ನೋಡಿದೆ, ಅದಕ್ಕೆ ಆಟೋ ಹ್ಯಾಂಡ್ಲೇ ಸರಿ. ಹೆಂಡ್ರನ್ನ ಕರ್ಕಂಡ್ ಬಾ.”

“ಅಯ್ಯೋ! ಮತ್ತೆ ಮೂರು ಮೂರು ಈರುಳ್ಳಿ ಯಾಕೆ ಹೆಚ್ಚಿಸ್ದೆ?”

“ನನ್ನ ಮಂಡಕ್ಕಿಗೆ.”

ಸೊಪ್ಪಿನವರು ನಗುತ್ತಾರೆ. ಗಂಗರಾಜು ಕೂಡ ನಗುತ್ತಲೇ ಆಟೋ ಕಡೆಗೆ ನಡೆಯುತ್ತಾನೆ. ಕರಿಯಕ್ಕ ಈರುಳ್ಳಿ ಚೂರನ್ನು ಬಾಚಿ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತುತ್ತಾರೆ. ಬೋಣಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸುವ ಧೈರ್ಯ ಈ ಸಂತೆಯಲ್ಲಿ ಬೇರೆ ಯಾರಿಗೂ ಇಲ್ಲ.

ಅವರ ಅಂಗಡಿ ಎಂದರೆ ತಲೆಯ ಮೇಲೊಂದು ನೀಲಿ ಟಾರ್ಪಲ್, ನೆಲಕ್ಕೊಂದು ಗೋಣಿತಾಟು, ಬೇವಿನ ಮರದ ಒಂದು ಹಲಗೆ, ಪರಶುರಾಂಪುರದ ಕಡೆಯಿಂದ ಬರುವ ಗಡ್ಡೆ ಈರುಳ್ಳಿ ಒಂದು ಬುಟ್ಟಿ. ತಾಟಿನ ಮೇಲೆ ಚಾಕುಗಳು ಸಾಲಾಗಿ ಮಲಗಿವೆ. ಒಂದಕ್ಕೂ ಥಳಕಿಲ್ಲ. ಅಲಗಿನ ಬೆನ್ನಿನಲ್ಲಿ ಇನ್ನೂ ಕುಲುಮೆಯ ಕಪ್ಪು ಉಳಿದಿದೆ, ಹರಿತ ಮಾಡಿದ ಅಂಚಿನಲ್ಲಿ ಮಾತ್ರ ಬೆಳ್ಳಗಿನ ಒಂದು ಗೆರೆ. ಬೆಲೆ ಕೇಳಿದವರಿಗೆ ಅವರು ಬೆಲೆ ಹೇಳುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: “ಕೂತು ಹೆಚ್ತೀರೋ, ನಿಂತು ಹೆಚ್ತೀರೋ?”

ಈ ಪ್ರಶ್ನೆಗೆ ಎಷ್ಟೋ ಜನ ತಬ್ಬಿಬ್ಬಾಗುತ್ತಾರೆ. ಆದರೆ ಕರಿಯಕ್ಕನ ಲೆಕ್ಕದಲ್ಲಿ ಮನೆಯ ಅಡುಗೆಗೆ ಚಾಕು ಆರಿಸುವ ಕೆಲಸ ಶುರುವಾಗುವುದೇ ಇಲ್ಲಿಂದ. ನೆಲದ ಮೇಲೆ ಕೂತು ಈಳಿಗೆಮಣೆಯಲ್ಲಿ ಹೆಚ್ಚಿ ಅಭ್ಯಾಸವಾದವರು ತರಕಾರಿಯನ್ನು ಅಲಗಿಗೆ ಒಯ್ಯುತ್ತಾರೆ. ಈಗ ಹೊಸ ಮನೆ ಕಟ್ಟಿಸಿ, ಗ್ರಾನೈಟ್ ಕಟ್ಟೆಯ ಮುಂದೆ ನಿಂತರೆ ಅಲಗನ್ನೇ ತರಕಾರಿಗೆ ಒಯ್ಯಬೇಕು. ಅದುವರೆಗೆ ಮುಂದಕ್ಕೆ ತಳ್ಳುತ್ತಿದ್ದ ಕೈ ಈಗ ಕೆಳಕ್ಕೆ ಒತ್ತಬೇಕು. ಅಂಥವರ ಕೈಗೆ ಅಂಗಡಿಯ ಹಗುರ ಚಾಕು ಕೊಟ್ಟರೆ ಭುಜದ ಬಲವನ್ನೆಲ್ಲ ಹಾಕಿ ಒತ್ತುತ್ತಾರೆ, ಸಂಜೆಗೆ ಮಣಿಕಟ್ಟು ಹಿಡಿದುಕೊಂಡು ಕೂರುತ್ತಾರೆ. ಅವರಿಗೆ ಉದ್ದನೆಯ, ತುಸು ತೂಕದ ಚಾಕು ಬೇಕು. “ಒತ್ತೋ ಕೆಲಸ ಕಬ್ಬಿಣ ಮಾಡ್ಬೇಕು. ನೀವು ದಾರಿ ತೋರಿಸಿದ್ರೆ ಸಾಕು,” ಎನ್ನುತ್ತಾರೆ ಕರಿಯಕ್ಕ.

ಆಮೇಲೆ ಹಿಡಿ. ಗಿರಾಕಿ ಮುಷ್ಟಿ ಕಟ್ಟಿದಾಗ ಕಿರುಬೆರಳು ಹಿಡಿಯ ಮೇಲೇ ಕೂರಬೇಕು, ಆಚೆ ನೇತಾಡಬಾರದು. ಹಲಗೆಗೆ ಅಲಗು ತಾಗಿದಾಗ ಬೆರಳಿನ ಗೆಣ್ಣು ಹಲಗೆಗೆ ಬಡಿಯಬಾರದು. ಬಡಿದರೆ ಆ ಚಾಕು ಆ ಕೈಗಲ್ಲ. ಅಲಗಿನ ಬಾಲ ಮರದೊಳಗೆ ಎಷ್ಟು ದೂರ ಹೋಗಿದೆ ಎಂದು ನೋಡಬೇಕು. ಗೇಣುದ್ದದ ಅಲಗಿಗೆ ಹೆಬ್ಬೆರಳಷ್ಟು ಬಾಲ ಇಟ್ಟು ಮಾರುವವರಿದ್ದಾರೆ, ಅಂಥದ್ದು ಮೊದಲ ಕುಂಬಳಕಾಯಿಗೇ ಕಳಚಿಕೊಳ್ಳುತ್ತದೆ. ಸೊಪ್ಪು ಹೆಚ್ಚು ಬಳಸುವ ಮನೆಗೆ ಹೊಟ್ಟೆ ಬಾಗಿದ ಅಲಗು. ಈರುಳ್ಳಿ, ಬದನೆಕಾಯಿ ಹೆಚ್ಚುವ ಮನೆಗೆ ನೇರ ಅಲಗು. ಸ್ಟೀಲ್ ಚಾಕು ಕೆಟ್ಟದ್ದೆಂದು ಅವರು ಹೇಳುವುದಿಲ್ಲ. ಒರೆಸಿಡುವ ಅಭ್ಯಾಸ ಇಲ್ಲದವರನ್ನು ತಾವೇ ಪಾತ್ರೆ ಅಂಗಡಿಗೆ ಕಳಿಸುತ್ತಾರೆ: “ನಂದು ತುಕ್ಕು ಹಿಡೀತೈತೆ. ಹುಣಿಸೆಹುಳಿ ತಾಗಿ ಹಂಗೇ ಬಿಟ್ರೆ ಒಂದೇ ರಾತ್ರಿಗೆ ಕೆಡ್ತೈತೆ. ಸೋಮಾರಿಗಳಿಗೆ ಸ್ಟೀಲೇ ಒಳ್ಳೇದು, ಹೋಗು.”

ಆರು ಚಾಕುಗಳ ಸೆಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗಂತೂ ನೇರ ಉತ್ತರ. “ಆರು ಕೈ ಐತಾ ನಿಂಗೆ? ಒಂದು ದೊಡ್ಡದು, ಒಂದು ಚಿಕ್ಕದು. ಇಷ್ಟರಾಗೆ ಮದುವೆ ಅಡುಗೆಗೆ ಹೆಚ್ಚೀನಿ ನಾನು.”

ಹೆಚ್ಚಿದ್ದೂ ನಿಜ. ಐವತ್ತು ದಾಟಿದ ಕರಿಯಕ್ಕ ಬಿ.ಜಿ. ಕೆರೆಯ ಬಳಿಯವರು. ಗಂಡ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಅರ್ಧ ಕಾಲ ಊರ ಹೊರಗೇ. ಕೈಗೊಂದು ಕೆಲಸ ಬೇಕಾಗಿತ್ತು. ಮದುವೆ ಮನೆಗಳಿಗೆ ತರಕಾರಿ ಹೆಚ್ಚಲು ಹೋಗತೊಡಗಿದರು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರದವರ ಮನೆ ಮದುವೆ ಎಂದರೆ ಹಿಂದಿನ ದಿನವೇ ಮೂಟೆಗಟ್ಟಲೆ ತರಕಾರಿ ಬಂದು ಬೀಳುತ್ತಿತ್ತು. ಹತ್ತಾರು ಹೆಂಗಸರು ಸಾಲಾಗಿ ಕೂತು ಹೆಚ್ಚುವಾಗ ಎದುರಿಗಿದ್ದವರ ಕೈ ನೋಡುತ್ತ ಕೂರುವುದೇ ಕರಿಯಕ್ಕನಿಗೆ ಹೊತ್ತು ಕಳೆಯುವ ದಾರಿ. ಯಾರ ಕೈ ಮಣಿಕಟ್ಟಿನಿಂದ ಓಡುತ್ತದೆ, ಯಾರದು ಮೊಣಕೈಯಿಂದ, ಯಾರು ಹೆದರಿ ಬೆರಳು ಮಡಚುತ್ತಾರೆ, ಯಾರು ಮಾತಿನ ಭರದಲ್ಲಿ ನೋಡದೆಯೇ ಹೆಚ್ಚುತ್ತಾರೆ, ಎಲ್ಲ ಅಲ್ಲಿ ಕಲಿತದ್ದು.

“ಆಮೇಲೆ ಮಿಷನ್ ಬಂತು. ಒಂದು ಮೂಟೆ ಈರುಳ್ಳಿ ಹಾಕಿದ್ರೆ ಗಳಿಗೇಲಿ ಪುಡಿ. ಅಡುಗೆಯವ್ರು, ‘ಕರಿಯಕ್ಕ, ಇನ್ನು ಮ್ಯಾಲೆ ಬಡಿಸೋಕೆ ಬಾ’ ಅಂದ್ರು. ನಾನು ಹೆಚ್ಚೋಳು, ಬಡಿಸೋಳಲ್ಲ ಅಂದು ಎದ್ದು ಬಂದೆ.”

ಎದ್ದು ಬಂದದ್ದು ಅಣ್ಣ ಓಬಯ್ಯನವರ ಕುಲುಮೆಗೆ. ಅಲ್ಲಿಯೂ ಕೆಲಸ ತೆಳ್ಳಗಾಗಿತ್ತು. ನೇಗಿಲ ಗುಳ ಹೋಗಿ ಟ್ರ್ಯಾಕ್ಟರ್ ಬಂದಿತ್ತು, ಕುಡುಗೋಲು ಅಂಗಡಿಯಲ್ಲೇ ಸಿಗುತ್ತಿತ್ತು. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಚಾಕು ಮಾಡಿಕೊಡು ಎಂದು ಕರಿಯಕ್ಕ ಹಟ ಹಿಡಿದರು. “ಯಾರು ತಗಂತಾರೆ ಇದನ್ನ?” ಎಂದು ಓಬಯ್ಯ ಕೇಳಿದರಂತೆ. “ತಗಳೋರನ್ನ ನಾನು ಆರಿಸ್ತೀನಿ, ನೀನು ಬಡಿ,” ಎಂದರಂತೆ ತಂಗಿ.

ಆರಿಸುವುದು ಎಂದರೆ ಹೆಚ್ಚಿಸಿ ನೋಡುವುದು. ಟೊಮೇಟೊ, ಸೌತೆಕಾಯಿ ಎಲ್ಲ ಬೇಡ, ಈರುಳ್ಳಿಯೇ ಆಗಬೇಕು. ಅದರ ಪದರ ಪದರವೂ ಕೈಯ ಸುದ್ದಿ ಹೇಳುತ್ತದೆ. ಗಿರಾಕಿ ಹೆಚ್ಚಿದ್ದನ್ನು ನೋಡಿ ಕರಿಯಕ್ಕ ಸಾಲಿನಿಂದ ಒಂದು ಚಾಕು ಎತ್ತಿ ತಾಟಿನ ಅಂಚಿಗೆ ಇಡುತ್ತಾರೆ. ಕೈಯಿಂದ ಕೈಗೆ ಕೊಡುವುದಿಲ್ಲ, ಹಾಗೆ ಕೊಟ್ಟರೆ ಜಗಳ ಬರುತ್ತದೆಂದು ಇಲ್ಲಿನವರ ನಂಬಿಕೆ. ಗಿರಾಕಿ ತಾವೇ ಬಗ್ಗಿ ಎತ್ತಿಕೊಳ್ಳಬೇಕು. ಮೊಳಕಾಲ್ಮೂರು ಸಂತೆಗೆ ಹೋದ ದಿನ ಆಂಧ್ರದ ಗಡಿಯಾಚೆಯ ಹೆಂಗಸರು “ಎಂತಕ್ಕಾ?” ಎಂದು ಬೆಲೆ ಕೇಳಿದರೆ, “ಚೆಯ್ಯಿ ಚೂಪಿಂಚಮ್ಮಾ,” ಕೈ ತೋರಿಸಮ್ಮಾ, ಎಂದು ಅವರದೇ ತೆಲುಗಿನಲ್ಲಿ ಹಲಗೆ ಮುಂದಕ್ಕೆ ಸರಿಸುತ್ತಾರೆ. ಒಮ್ಮೆ ಬಂದೋಬಸ್ತಿಗೆ ಬಂದ ಪೊಲೀಸಪ್ಪ, “ಏನಮ್ಮಾ, ಇಷ್ಟೊಂದು ಚಾಕು ಇಟ್ಕಂಡು ಕೂತಿದೀಯಾ?” ಎಂದು ಲಾಠಿ ಕುಟ್ಟಿದಾಗಲೂ ಅದೇ ಹಲಗೆ, ಅದೇ ಈರುಳ್ಳಿ. ಆತ ನಗುತ್ತ ಹೆಚ್ಚಿದ, ಕಣ್ಣೀರಿಟ್ಟುಕೊಂಡು ಹೋದ.

“ನಾನು ಕೈ ನೋಡಿ ಕೊಟ್ಟ ಚಾಕು ವಾಪಸ್ ಬರಂಗಿಲ್ಲ.” ಇದು ಅವರು ಸಂತೆಯಲ್ಲಿ ಕೂಗಿ ಹೇಳುವ ಮಾತು. ವ್ಯಾಪಾರ ನಿಂತಿರುವುದೇ ಈ ಮಾತಿನ ಮೇಲೆ. ಮೊನ್ನೆ ಬೇಸಿಗೆಯಲ್ಲಿ ಈ ಮಾತು ಅಲ್ಲಾಡಿತು.

ಪರಶುರಾಂಪುರದ ಬಸವಲಿಂಗಮ್ಮ ಹೊಸ ಸೊಸೆ ಮಂಗಳಗೌರಿಯನ್ನು ಕರೆದುಕೊಂಡು ಬಂದಿದ್ದರು. ಹೊಲ, ಶೇಂಗಾ ವ್ಯಾಪಾರ ಎರಡೂ ಇರುವ ಮನೆ. ಬಸವಲಿಂಗಮ್ಮ ದನಿ ತಗ್ಗಿಸಿ ಮಾತಾಡಿದವರೇ ಅಲ್ಲ. “ನೋಡ್ರಿ ಕರಿಯಕ್ಕ, ನಮ್ಮ ಹುಡುಗಿ ಸಾರು ಮಾಡಿದ್ರೆ ಬೀದಿಗೆಲ್ಲ ಘಮ ಅಂತೈತೆ. ಆದ್ರೆ ಒಂದು ಬದನೆಕಾಯಿ ಹೆಚ್ಚೋಕೆ ಕೊಟ್ರೆ ಮಧ್ಯಾಹ್ನ ಆಗ್ತೈತೆ. ಒಂದು ಹೋಳು ಹೆಬ್ಬೆರಳಷ್ಟು, ಇನ್ನೊಂದು ಕಿರುಬೆರಳಷ್ಟು. ಇವಳ ಕೈಗೊಂದು ಚಾಕು ಹುಡುಕಿ ಕೊಡ್ರಿ.”

ಮಂಗಳಗೌರಿ ಸೆರಗು ಸಿಕ್ಕಿಸಿ ಕೂತು ಹೆಚ್ಚಿದಳು. ನಿಧಾನ. ಒಂದೊಂದು ಏಟಿಗೂ ಮುಂಚೆ ಯೋಚನೆ. ಕರಿಯಕ್ಕ ನೋಡಿದರು. ಹೆದರಿದ ಕೈ, ಇನ್ನೂ ಕಲಿಯುತ್ತಿರುವ ಕೈ ಎಂದು ತೀರ್ಮಾನಿಸಿ ಸಾಲಿನಲ್ಲೇ ಹಗುರವಾದ, ತೆಳು ಅಲಗಿನ ಒಂದನ್ನು ಎತ್ತಿಟ್ಟರು. “ಇದು ತಾನೇ ಓಡ್ತೈತೆ, ನೀನು ಹಿಂದೆ ಹೋದ್ರೆ ಸಾಕು,” ಎಂದು ನಕ್ಕರು.

ಎರಡು ಸಂತೆ ಕಳೆದ ಮೇಲೆ ಆ ಚಾಕು ವಾಪಸ್ ಬಂತು. ಬಸವಲಿಂಗಮ್ಮ ಅದನ್ನು ತಾಟಿನ ಮೇಲೆ ಇಡಲಿಲ್ಲ, ಹಾಕಿದರು.

“ಎಂಥ ಕಬ್ಬಿಣ ಇದು? ಬೆರಳೇ ಹೋಗ್ತಿತ್ತು! ಎತ್ತ ಹಿಡಿದ್ರೆ ಅತ್ತ ಜಾರ್ತೈತೆ ಅಂತಾಳೆ.”

ಸೊಸೆಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಹತ್ತಿರ ನಿಂತು ಚಾಕು ನೋಡುತ್ತಿದ್ದ ಮೂವರಲ್ಲಿ ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಕರಿಯಕ್ಕನ ಮೈ ಉರಿಯಿತು. ಚಾಕು ಎತ್ತಿಕೊಂಡು ಉಗುರಿನಿಂದ ಮೀಟಿದರು, ಟಣ್ ಎಂದಿತು. ತಾವೇ ಒಂದು ಈರುಳ್ಳಿ ತೆಗೆದು ಸರಸರನೆ ಹೆಚ್ಚಿ ತೋರಿಸಿದರು. ಕಾಗದದಂಥ ಹೋಳುಗಳು.

“ಎಲ್ಲಿ ಜಾರ್ತು? ತೋರ್ಸಿ. ಎಲ್ಲಿ ಜಾರ್ತು?”

“ನಿಮ್ಮ ಕೈಲಿ ಜಾರಲ್ಲ ಕಣ್ರಿ. ನಿಮ್ಮ ಕೈ ಮನೆಗೆ ಕರ್ಕಂಡು ಹೋಗ್ಲಾ ನಾನು?”

ಬಸವಲಿಂಗಮ್ಮ ದುಡ್ಡು ವಾಪಸ್ ಕೇಳಲಿಲ್ಲ. ಅವರು ಹೇಳಿದ್ದು ಅದಕ್ಕಿಂತ ಭಾರವಾದದ್ದು. ಮುಂದಿನ ತಿಂಗಳು ಮಗಳ ಕೂಸಿಗೆ ತೊಟ್ಟಿಲ ಶಾಸ್ತ್ರ, ಮನೆ ತುಂಬ ನೆಂಟರು. ಸೊಸೆ ತಾನೇ ಅಡುಗೆ ಮಾಡುತ್ತೇನೆಂದು ಕುಣಿಯುತ್ತಿದ್ದಳು. ಇನ್ನು ಆಗುವ ಮಾತಲ್ಲ, ಹೊರಗಿನಿಂದ ಅಡುಗೆಯವರನ್ನು ಕರೆಸುತ್ತೇವೆ. “ಇನ್ನು ಮ್ಯಾಲೆ ಇವಳು ಚಾಕು ಮುಟ್ಟಂಗಿಲ್ಲ ಅಂದ್ಬಿಟ್ಟೀನಿ. ಹಿಟ್ಟು ಕಲಸ್ಲಿ, ಪಾತ್ರೆ ತೊಳೀಲಿ.”

ಮಂಗಳಗೌರಿ ಈರುಳ್ಳಿ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು, ಕರಿಯಕ್ಕನನ್ನಲ್ಲ, ಹಲಗೆಯನ್ನು.

ಅವತ್ತು ಕರಿಯಕ್ಕ ಹೊತ್ತಿಗೆ ಮುಂಚೆಯೇ ಅಂಗಡಿ ಕಟ್ಟಿ ಬಿ.ಜಿ. ಕೆರೆಯ ಬಸ್ಸು ಹತ್ತಿದರು. ಕುಲುಮೆಯಲ್ಲಿ ಓಬಯ್ಯ ಇದ್ದಿಲು ಕೆದಕುತ್ತಿದ್ದರು. ಸುತ್ತಿಗೆ ಸದ್ದಿಗೆ ಒಂದು ಕಿವಿ ಕಳೆದುಕೊಂಡಿರುವ ಮನುಷ್ಯ, ಅವರೊಡನೆ ಮಾತಾಡಬೇಕಾದರೆ ಕೂಗಬೇಕು. ಕರಿಯಕ್ಕ ಬರುವಾಗಲೇ ಕೂಗುತ್ತ ಬಂದರು.

“ನಿನ್ನ ಹದ ತಪ್ಪೈತೆ. ಕಾದ ಅಲಗಿಗೆ ನೀರು ಕುಡಿಸೋವಾಗ ಯಾರ ಜೊತೆ ಹರಟೆ ಹೊಡೀತಿದ್ದೆ?”

“ಯಾವ ಚಾಕು? ಕೊಡಿಲ್ಲಿ.” ಓಬಯ್ಯ ಅಲಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಅಂಚು ಸವರಿದರು. “ಇದಕ್ಕೇನಾಗೈತೆ? ಮದುಮಗಳಿದ್ದಂಗೈತೆ.”

“ಬೆರಳು ಕುಯ್ದೈತೆ!”

“ಕುಯ್ಯೋದೇ ಅಲ್ವಾ ಅದರ ಕೆಲಸ? ಯಾವ ಬೆರಳು?”

“ತೋರುಬೆರಳು.”

“ಯಾವ ಕೈದು?”

ಕರಿಯಕ್ಕ ಸಂತೆಯಲ್ಲಿ ಕಂಡದ್ದನ್ನು ನೆನಪಿಸಿಕೊಂಡರು. ಬಟ್ಟೆ ಸುತ್ತಿದ ಬೆರಳು ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಹಸಿರು ಬಳೆ, ಆಮೇಲೆ ಅದೇ ಕೈಯಿಂದ ಮಂಗಳಗೌರಿ ಸೆರಗು ಸರಿಮಾಡಿಕೊಂಡಿದ್ದು. ಬಲಗೈ. ಬಲಗೈಯಲ್ಲಿ ಚಾಕು ಹಿಡಿದವಳಿಗೆ ಬಲಗೈ ಬೆರಳು ಹೇಗೆ ಕುಯ್ಯುತ್ತದೆ?

“ಲೇ ಅಣ್ಣಾ,” ಎಂದರು ಮೆಲ್ಲಗೆ, “ಆ ಹುಡುಗಿ ಎಡಚಿ ಕಣೋ.”

“ಏನಂದೆ?”

“ಎಡಚಿ! ಎಡಚಿ!”

ಓಬಯ್ಯ ನಗತೊಡಗಿದರು. ಅವರ ಚಾಕುಗಳಿಗೆಲ್ಲ ಒಂದೇ ಮೈಗೆ ಸಾಣೆ. ಬಲಮೈ ಇಳಿಜಾರು, ಎಡಮೈ ಹಲಗೆಯಂತೆ ಚಪ್ಪಟೆ. ತೆಳ್ಳಗೆ ಹೆಚ್ಚಲು ಇದೇ ಸರಿ, ಮನೆಯ ಕಲ್ಲಿನ ಮೇಲೆ ಮಸೆದುಕೊಳ್ಳುವುದೂ ಸುಲಭ. ಬಲಗೈಯವರಿಗೆ ಇಂಥ ಚಾಕು ತಾನಾಗಿ ನೆಟ್ಟಗೆ ಇಳಿಯುತ್ತದೆ. ಎಡಗೈಯಲ್ಲಿ ಹಿಡಿದರೆ ಅಲಗು ಹೊರಕ್ಕೆ ಓಡುತ್ತದೆ, ಒಳಕ್ಕೆ ಎಳೆಯಲು ಹೋದರೆ ತರಕಾರಿ ಹಿಡಿದ ಬೆರಳಿಗೇ ಬರುತ್ತದೆ.

“ಇಷ್ಟು ವರ್ಷ ಕೈ ನೋಡ್ತೀನಿ ಕೈ ನೋಡ್ತೀನಿ ಅಂತ ಊರೆಲ್ಲ ಕೂಗ್ತೀಯಾ,” ಎಂದರು ಓಬಯ್ಯ, “ಎಷ್ಟು ಕೈ ಐತೆ ಅಂತ ನೋಡ್ಲೇ ಇಲ್ವಾ?”

ಅದು ಕರಿಯಕ್ಕನಿಗೆ ನಾಟಿತು. ಅವರ ಪರೀಕ್ಷೆಯಲ್ಲಿ ಒಂದು ತೂತಿತ್ತು. ಸಂತೆಯಲ್ಲಿ, ನಾಲ್ಕು ಜನರ ಮುಂದೆ, ಅದರಲ್ಲೂ ಅತ್ತೆ ಪಕ್ಕದಲ್ಲಿರುವಾಗ ಯಾವ ಸೊಸೆ ಎಡಗೈಯಲ್ಲಿ ಚಾಕು ಎತ್ತುತ್ತಾಳೆ? ಎಡಗೈಯಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳದ ಜನ, ಎಡಗೈಯಲ್ಲಿ ಹೆಚ್ಚಿದ್ದನ್ನು ಉಣ್ಣುತ್ತಾರೆಯೇ? ಹುಡುಗಿ ಅಂದು ತೋರಿಸಿದ್ದು ಊರಿಗೆ ತೋರಿಸುವ ಕೈ. ಕರಿಯಕ್ಕ ಅದನ್ನೇ ನಂಬಿ ಚಾಕು ಕೊಟ್ಟಿದ್ದರು.

ಮರುದಿನ ಅವರು ಪರಶುರಾಂಪುರಕ್ಕೆ ಹೋದರು. ಚೀಲದಲ್ಲಿ ಸಾಣೆಕಲ್ಲು. ಮನೆಯ ಚಾಕು, ಈಳಿಗೆ ಎಲ್ಲ ಮಸೆದು ಕೊಡುತ್ತೇನೆ, ನನ್ನ ಚಾಕು ಬೆರಳು ಕುಯ್ದದ್ದಕ್ಕೆ ತಪ್ಪುಕಾಣಿಕೆ ಎಂದು ನೆಪ. ಬಸವಲಿಂಗಮ್ಮ ಬಿಗಿಯಾಗಿಯೇ ಮಾತಾಡಿಸಿದರು, ಆದರೂ ಮಜ್ಜಿಗೆ ತರಲು ಒಳಗೆ ಹೋದರು. ಆ ಹೊತ್ತಿನಲ್ಲಿ ಕರಿಯಕ್ಕ ಕಲ್ಲಿಗೆ ನೀರು ಚಿಮುಕಿಸುತ್ತ ಮಂಗಳಗೌರಿಯನ್ನು ಕೇಳಿದರು:

“ಬೆಳಿಗ್ಗೆ ಬೀದೀಲಿ ಯಾರೂ ಇರಲ್ಲ ನೋಡು, ಆಗ ರಂಗೋಲಿ ಯಾವ ಕೈಲಿ ಹಾಕ್ತೀಯಾ ತಾಯಿ?”

ಹುಡುಗಿ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಎಡಗೈಯನ್ನು ಸೊಂಟದ ಹತ್ತಿರದಿಂದ ಇಷ್ಟೇ ಇಷ್ಟು ಎತ್ತಿ ತೋರಿಸಿದಳು. ತವರಿನಲ್ಲಿ ಅಜ್ಜಿ ಚಿಕ್ಕಂದಿನಲ್ಲೇ ಆ ಕೈಗೆ ಬಟ್ಟೆ ಕಟ್ಟಿ ಕೂರಿಸುತ್ತಿದ್ದಳಂತೆ. ಉಣ್ಣುವುದು, ಬರೆಯುವುದು ಬಲಕ್ಕೆ ಬಂತು. ಹೆಚ್ಚುವುದು ಬರಲೇ ಇಲ್ಲ. “ಅತ್ತೆ ಹೊಲಕ್ಕೆ ಹೋದಾಗ ಎಡಗೈಲಿ ಹೆಚ್ಚಿಡ್ತಿದ್ದೆ ಅಕ್ಕ. ಹಳೇ ಚಾಕು ಮೊಂಡು, ಎತ್ತ ಹಿಡಿದ್ರೂ ಒಂದೇ. ನಿಮ್ಮದು ಹರಿತ ನೋಡಿ, ಅದಕ್ಕೇ ಹಿಂಗಾತು.”

“ನಂದು ತಪ್ಪು. ಎಡಗೈಗೆ ಒಂದು ಮಾಡಿಸ್ತೀನಿ. ಆದ್ರೆ ಅದನ್ನ ಸಂತೇಲಿ ಹೆಚ್ಚಿ ನೋಡ್ದೆ ನಾನು ಕೊಡಂಗಿಲ್ಲ. ಅತ್ತೆ ಇರ್ತಾರೆ. ಬರ್ತೀಯಾ?”

ಮಂಗಳಗೌರಿ ಉತ್ತರ ಕೊಡುವ ಮೊದಲೇ ಮಜ್ಜಿಗೆ ಬಂತು.

ಎಡಗೈ ಚಾಕು ಮಾಡುವುದು ಓಬಯ್ಯನವರಿಗೆ ಅಷ್ಟು ಸುಲಭವಾಗಲಿಲ್ಲ. ಬಡಿಯುವುದೇನೋ ಬಡಿದರು. ಸಾಣೆ ಚಕ್ರಕ್ಕೆ ಹಿಡಿದಾಗ ಕೈ ತನ್ನ ಅಭ್ಯಾಸಕ್ಕೆ ಬಲಮೈಯನ್ನೇ ಒಡ್ಡಿತು. ಒಂದು ಅಲಗು ಹಾಗೇ ಕೆಟ್ಟಿತು. ಎರಡನೆಯದಕ್ಕೆ ಕರಿಯಕ್ಕ ಪಕ್ಕದಲ್ಲೇ ಕೂತು, ಅಣ್ಣನ ಕೈ ತಪ್ಪಿದಾಗಲೆಲ್ಲ ಬೆನ್ನಿಗೆ ತಟ್ಟುತ್ತಿದ್ದರು. “ಆ ಕಡೆ, ಆ ಕಡೆ!” ಹಿಡಿಗೆ ಬಿಕ್ಕೆ ಮರ. ಮಂಗಳಗೌರಿಯ ಮುಷ್ಟಿಯ ಅಳತೆಯನ್ನು ಸಾಣೆ ಹಿಡಿಯುವ ನೆಪದಲ್ಲೇ ಕರಿಯಕ್ಕ ನೋಡಿಟ್ಟುಕೊಂಡಿದ್ದರು. ಕಟ್ಟೆಯ ಎತ್ತರವನ್ನೂ ನೋಡಿದ್ದರು. ನಿಂತು ಹೆಚ್ಚುವ ಮನೆ, ಹುಡುಗಿ ಎತ್ತರ. ಹಾಗಾಗಿ ಈ ಸಲ ಹಗುರದ್ದಲ್ಲ. ಗೇಣಿಗಿಂತ ಉದ್ದದ, ಬೆನ್ನು ದಪ್ಪಗಿನ, ಮೂತಿಯ ಹತ್ತಿರ ತುಸುವೇ ಬಾಗಿದ ಅಲಗು. ಹೆದರಿದ ಕೈಗೆ ಕೊಡುವ ಚಾಕು ಅಲ್ಲವೇ ಅಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಇನ್ನು ಕೆಲವೇ ದಿನ ಇರುವಾಗ ಸಂತೆಯ ದಿನ ಬಂತು. ಕರಿಯಕ್ಕ ಬೆಳಗಿನ ಜಾವವೇ ಬಂದು ಕೂತಿದ್ದರು. ಬಿಸಿಲೇರಿತು. ಸೊಪ್ಪಿನವರ ಹೊರೆ ಅರ್ಧ ಖಾಲಿಯಾಯಿತು. ಕೊನೆಗೆ ಬಸವಲಿಂಗಮ್ಮನವರ ದನಿ ಮೊದಲು ಬಂತು, ಆಮೇಲೆ ಅವರು. ಹಿಂದೆ ಸೊಸೆ.

“ಬೆಲ್ಲ, ಕೊಬ್ಬರಿ ತಗಳೋಕೆ ಬಂದ್ವಿ. ಇವಳು ಇತ್ತ ಎಳ್ಕಂಡು ಬಂದ್ಲು. ಏನೋ ಹೊಸ ಚಾಕು ಮಾಡಿದೀರಂತೆ. ನೋಡ್ರಿ, ಮೊದ್ಲೇ ಹೇಳ್ತೀನಿ, ಅಡುಗೆಯವ್ರಿಗೆ ಹೇಳಾಗೈತೆ.”

“ಹೇಳಾಗಿದ್ರೆ ಹೇಳಾಗ್ಲಿ ಬಿಡ್ರಿ. ನೋಡೋಕೆ ಏನು?”

ಕರಿಯಕ್ಕ ಚಾಕು ತೆಗೆದು ತಾಟಿನ ಅಂಚಿಗೆ ಇಟ್ಟರು. ಹಲಗೆ ಮುಂದಕ್ಕೆ ಸರಿಸಿ, ಒಂದು ದಪ್ಪ ಈರುಳ್ಳಿ ಇಟ್ಟರು. ಹುಡುಗಿ ಬಲಗೈ ಚಾಚಿದರೆ ಮುಗಿಯಿತು: ಬಲಗೈಗೆ ಈ ಚಾಕು ಖಂಡಿತ ಜಾರುತ್ತದೆ, ಬಸವಲಿಂಗಮ್ಮ ಸಂತೆಗೆಲ್ಲ ಕೇಳುವಂತೆ ಕೂಗುತ್ತಾರೆ, ಕರಿಯಕ್ಕನ ಮಾತಿಗೆ ಬೆಲೆ ಇರುವುದಿಲ್ಲ, ಆ ಹುಡುಗಿಗೆ ಅಡುಗೆಮನೆಯಲ್ಲಿ ಹಿಟ್ಟು ಕಲಸುವ ಮೂಲೆಯೇ ಗತಿ.

ಮಂಗಳಗೌರಿ ಬಗ್ಗಿದಳು. ಎಡಗೈಯಲ್ಲಿ ಚಾಕು ಎತ್ತಿಕೊಂಡಳು.

ಈರುಳ್ಳಿಯ ಬುಡ ಹಾರಿತು, ತುದಿ ಹಾರಿತು, ಎರಡು ಭಾಗವಾಯಿತು. ಆಮೇಲೆ ಕೇಳಿದ್ದು ಹಲಗೆಯ ಮೇಲಿನ ಸದ್ದು ಮಾತ್ರ, ಜಡಿಮಳೆ ತಗಡಿಗೆ ಬಿದ್ದ ಹಾಗೆ. ಹೋಳುಗಳು ಒಂದರ ಮೇಲೊಂದು ಎಡಕ್ಕೆ ಒರಗುತ್ತ ಹೋದವು. ಎಲ್ಲ ಒಂದೇ ತೆಳುವು. ಸೊಪ್ಪಿನವನೊಬ್ಬ, “ಅಬ್ಬಾ, ಇವಳಿಗೆ ಮಿಷನ್ ಯಾಕ್ಲೇ?” ಎಂದ. ಮಂಗಳಗೌರಿ ತಲೆ ಎತ್ತಲಿಲ್ಲ. ಕೇಳದಿದ್ದರೂ ಇನ್ನೊಂದು ಈರುಳ್ಳಿ ತಾನೇ ತೆಗೆದುಕೊಂಡಳು.

ಕರಿಯಕ್ಕ ಈಗ ನೋಡಿದ್ದು ಬಸವಲಿಂಗಮ್ಮನ ಮುಖವನ್ನು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಚ್ಚರಿಯೂ ಇರಲಿಲ್ಲ.

“ಗೊತ್ತಿತ್ತೇನ್ರಿ ನಿಮಗೆ?”

“ಒಂದೇ ಮನೇಲಿ ಇರೋರಿಗೆ ಗೊತ್ತಾಗಲ್ವಾ? ಬೀಗ ತೆಗೆಯೋವಾಗ ನೋಡೀನಿ, ಹಾಲು ಸುರಿಯೋವಾಗ ನೋಡೀನಿ.” ಮೊದಲ ಬಾರಿಗೆ ಅವರ ದನಿ ತಗ್ಗಿತ್ತು. “ಬರ್ತಾ ಬರ್ತಾ ಸರಿ ಹೋಗ್ತಾಳೆ ಅಂದ್ಕಂಡಿದ್ದೆ. ನಮ್ಮ ನಾದಿನಿಯರಿಗೆ ಒಬ್ಬೊಬ್ರಿಗೂ ಹತ್ತು ಬಾಯಿ ಕರಿಯಕ್ಕ. ಎಡಗೈ ಅಡುಗೆ ಅಂತ ಎಲೆ ಬಿಟ್ಟು ಎದ್ರೆ, ಆಮ್ಯಾಲೆ ಈ ಹುಡುಗಿ ಮುಖ ಎತ್ಕಂಡು ತಿರುಗ್ಬೇಕಲ್ಲ?”

ಬಸವಲಿಂಗಮ್ಮ ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅದರ ಆಚೆ ಸಂತೆ ಮಸುಕಾಗಿ ಕಾಣುತ್ತಿತ್ತು. ಅದನ್ನು ಬಾಯಿಗೆ ಹಾಕಿಕೊಂಡರು.

“ಆತು. ಅಡುಗೆಯವ್ರಿಗೆ ಬ್ಯಾಡ ಅಂತ ಹೇಳಿ ಕಳಿಸ್ತೀನಿ. ನೀನೇ ಮಾಡು,” ಎಂದರು ಸೊಸೆಗೆ. ಆಮೇಲೆ ವ್ಯಾಪಾರದ ಮನೆಯವರ ಚುರುಕು ವಾಪಸ್ ಬಂತು. “ಕರಿಯಕ್ಕ, ಇದು ಇರ್ಲಿ. ಇದರ ಜೊತೆ ಬಲಗೈದೂ ಒಂದು ಕೊಡ್ರಿ, ಮೊಂಡಾಗಿದ್ರೂ ನಡೀತೈತೆ. ಯಾರೂ ಇಲ್ದಾಗ ಎಡಗೈದ್ರಲ್ಲಿ ಹೆಚ್ಕಂಬಿಡು ಗೌರಿ. ನೆಂಟರು ಅಡುಗೆಮನೆಗೆ ಇಣುಕಿದ್ರೆ ಬಲಗೈಲಿ ಆ ಇನ್ನೊಂದನ್ನ ಹಿಡ್ಕಂಡು ನಿಂತ್ಕೊ, ಸಾಕು. ಅವರಿಗೂ ಸಮಾಧಾನ, ನಮಗೂ ಸಮಾಧಾನ.”

ಕೆಟ್ಟ ಏರ್ಪಾಟೇನಲ್ಲ. ಒಂದರ ಬದಲು ಎರಡು ಚಾಕು ಹೋಗುತ್ತದೆ. ಅತ್ತೆ ಇಷ್ಟು ದೂರ ಬಂದದ್ದೇ ದೊಡ್ಡದು ಎಂದು ಕರಿಯಕ್ಕನಿಗೂ ಅನ್ನಿಸಿತು. ಅವರು ಸಾಲಿನಿಂದ ಒಂದು ಬಲಗೈ ಚಾಕು ಎತ್ತಿ, ಮಂಗಳಗೌರಿಯ ಮುಂದೆ ತಾಟಿನ ಅಂಚಿಗೆ ಇಟ್ಟರು.

ಮಂಗಳಗೌರಿ ಹೆಚ್ಚುವುದನ್ನು ನಿಲ್ಲಿಸಿದಳು. ಆ ಚಾಕುವನ್ನು ಒಂದು ಕ್ಷಣ ನೋಡಿದಳು. ಬಟ್ಟೆ ಬಿಚ್ಚಿ ಗಾಯ ಮಾಗಿದ್ದ ಬೆರಳಿನಿಂದ ಅದನ್ನು ಕರಿಯಕ್ಕನ ಕಡೆಗೇ ಹಿಂದಕ್ಕೆ ತಳ್ಳಿದಳು.

“ನಂಗದು ಬ್ಯಾಡ ಅತ್ತೆ.”